ತಣ್ಣೀರಿಗೆ ಹೋಗುವ ಕಲೆ

ಮಾಬ್ಲ ಮಾಸ್ತರರು ಕವಳ ಬಿಟ್ಟ ಸುದ್ದಿಯನ್ನು ಭೈರುಂಬೆಯಲ್ಲಿ ಯಾರೂ ಪೂರ್ತಿ ನಂಬಲಿಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿಸಿ ಮಡಚಿ ದವಡೆಗೆ ಇಟ್ಟುಕೊಳ್ಳುವ ಈ ಪದಾರ್ಥವನ್ನು ನಮ್ಮ ಕಡೆ ಯಾರೂ ಚಟವೆಂದು ಕರೆದವರಲ್ಲ. ಚಟವೇ ಅಲ್ಲದ್ದನ್ನು ಒಬ್ಬ ಮನುಷ್ಯ ಬಿಡುವುದು ಹೇಗೆ? ಕೂದಲು ಬಾಚುವುದನ್ನು ಬಿಟ್ಟೆ ಎಂದಷ್ಟೇ ವಿಚಿತ್ರವಾಗಿ ಅದು ಜನರಿಗೆ ಕೇಳಿಸಿತು.

ಮಾಸ್ತರರ ಪೂರ್ತಿ ಹೆಸರು ಮಾಬಲೇಶ್ವರ ಹೆಗಡೆ. ಶಿರಸಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಕನ್ನಡ ಕಲಿಸುತ್ತಿದ್ದರು. ಸಂಧಿಗೆ ಮೊದಲು ಒಮ್ಮೆ, ಸಮಾಸಕ್ಕೆ ಮೊದಲು ಒಮ್ಮೆ ಕಿಟಕಿಯ ಹತ್ತಿರ ಹೋಗಿ ಬರುತ್ತಿದ್ದುದರಿಂದ ಆ ಕಿಟಕಿಯ ಕೆಳಗಿನ ಗೋಡೆ ಶಾಲೆಯ ಉಳಿದ ಗೋಡೆಗಳ ಬಣ್ಣಕ್ಕಿಂತ ಬೇರೆಯೇ ಆಗಿತ್ತು.

ಬಿಡುವುದಕ್ಕೆ ಕಾರಣ ಹೆಂಡತಿ ರಾಜೀವಿಯ ಅಣ್ಣ. ಸಿದ್ದಾಪುರದ ಕಡೆಯ ಮನ್ಮನೆಯಲ್ಲಿದ್ದ ಈ ರಾಮಣ್ಣನಿಗೆ ೨೦೦೨ರ ಬೇಸಿಗೆಯಲ್ಲಿ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾಯಿತು. ಕೆನ್ನೆಯ ಒಳಗೊಂದು ಬಿಳಿ ಮಚ್ಚೆ ಕಂಡಿತು. ಮಂಗಳೂರಿಗೆ ಕರೆದುಕೊಂಡು ಹೋಗಿ ಅರ್ಧ ಕೆನ್ನೆ ಕಳಚಿಸಿಕೊಂಡು ಬಂದದ್ದಾಯಿತು. ರಾಜೀವಿ ತವರಿನಿಂದ ಬಂದವಳೇ ಕವಳದ ಹರಿವಾಣ, ಅಡಕತ್ತರಿ, ಸುಣ್ಣದ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ಮಗಳು ಅಭಿಜ್ಞಾಳನ್ನು ಜಗುಲಿಯ ಮೇಲೆ ಕೂರಿಸಿದಳು.

“ಇವಳ ತಲೆ ಮುಟ್ಟಿ ಹೇಳಿ, ಇನ್ನು ತಿಂತ್ನಿಲ್ಲೆ ಹೇಳಿ.”

ಮಾಸ್ತರರು ಮುಟ್ಟಿದರು. “ಆನೂ ಬಿಡ್ತಿ,” ಎಂದು ರಾಜೀವಿಯೂ ಮುಟ್ಟಿದಳು. ಆಗಷ್ಟೇ ಪಿಯುಸಿಗೆ ಸೇರಿದ್ದ ಅಭಿಜ್ಞಾ, “ಎನ್ನ ತಲೆ ಎಂತ ದೇವಸ್ಥಾನದ ಗಂಟೆನಾ ಆಯಿ, ಬಂದವೆಲ್ಲ ಮುಟ್ಟಿ ಹೋಪಲೆ?” ಎಂದು ಎದ್ದು ಹೋದಳು.

ಮಾಸ್ತರರು ಕವಳವನ್ನು ನಿಜವಾಗಿಯೂ ಬಿಟ್ಟರು. ಮೊದಲ ಹತ್ತು ದಿನ ಲವಂಗ ಕಚ್ಚಿದರು, ಶಿಷ್ಯರನ್ನು ಬೈದರು, ಒಂದು ಪಾಠವನ್ನು ಎರಡು ಸಲ ಮಾಡಿದರು. ಹನ್ನೊಂದನೆಯ ದಿನದಿಂದ ಸುಮ್ಮನಾದರು. ಶಿರಸಿ-ಯಲ್ಲಾಪುರ ರಸ್ತೆಯಲ್ಲಿ ಟೆಂಪೋ ಓಡಿಸುವ ಗನಿ ಸಾಹೇಬನೇ ಇದಕ್ಕೆ ಸಾಕ್ಷಿ. ದಿನಾ ಅದೇ ಟೆಂಪೋದಲ್ಲಿ ಕಿಟಕಿ ಪಕ್ಕ ಕೂತು ಶಾಲೆಗೆ ಹೋಗುವವರು ಅವರು.

“ಏನ್ ಮಾಸ್ತರ್ರೇ, ನನ್ ಗಾಡಿ ಎಡಗಡೆ ಬಿಳೀ ಬಣ್ಣ ಇತ್ತು ಅಂತ ಈಗ ಗೊತ್ತಾಯ್ತು ನೋಡ್ರಿ,” ಎಂದ ಒಂದು ದಿನ. “ಬಿಟ್ಟಿದ್ದು ಒಳ್ಳೇದಾಯ್ತು. ನಮ್ ಮಗಳು ನುಜ್ಹತ್ ಹೇಳ್ತಾ ಇರ್ತಾಳೆ, ಬಾಯಿ ಹಾಳಾದ್ರೆ ಮನುಷ್ಯನೇ ಹಾಳು ಅಂತ. ನಿಮ್ಮದೇ ಸ್ಟೂಡೆಂಟು, ನೆನಪೈತಾ? ಧಾರವಾಡದಲ್ಲಿ ಓದಿ ಬಂದು ಬಸ್‌ಸ್ಟ್ಯಾಂಡ್ ಹಿಂದೆ ಹಲ್ಲಿನ ದವಾಖಾನೆ ಹಾಕ್ಯಾಳೆ.”

“ಎನ್ನ ಹಲ್ಲಿಗೆ ಎಂತ ಆಯ್ದು ಮಾರಾಯ? ಒಂದು ದಿನ ನೋವು ಹೇಳಿದ್ದು ಗೊತ್ತಿಲ್ಲೆ,” ಎಂದರು ಮಾಸ್ತರರು. ಅದು ನಿಜವಾಗಿತ್ತು. ನೋವು ಎಂಬುದು ಅವರಿಗೆ ಗೊತ್ತಿರಲಿಲ್ಲ.

ತೊಂದರೆ ಶುರುವಾದದ್ದು ವಾಶ್‌ಬೇಸಿನ್ನಿನಿಂದ. ಹಿಂದಿನ ವರ್ಷ ಮನೆಗೆ ಹೊಸದಾಗಿ ಹಾಕಿಸಿದ, ಹಾಲಿನಂಥ ಬಿಳಿಯ ಬೇಸಿನ್ನು. ಅದಕ್ಕೆ ಮೊದಲು ಮನೆಮಂದಿಯೆಲ್ಲ ಹಲ್ಲು ತಿಕ್ಕಿ ಅಂಗಳದ ದಾಸವಾಳದ ಬುಡಕ್ಕೆ ಉಗುಳುತ್ತಿದ್ದರು. ಯಾರು ಏನು ಉಗುಳಿದರೆಂದು ದಾಸವಾಳ ಯಾರಿಗೂ ಹೇಳಿರಲಿಲ್ಲ. ಬೇಸಿನ್ನು ಹಾಗಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ರಾಜೀವಿ ಮುಖ ತೊಳೆಯಲು ಹೋದಾಗ ಅದರ ಅಂಚಿನಲ್ಲಿ ಕೆಂಪು ಎಂಜಲಿನ ಎರಡು ಹನಿ ಇತ್ತು.

“ಇದು ಎಂತದು?”

“ಯಾವುದು?”

“ಇದೇ, ಈ ಕೆಂಪು.”

“ಗೊತ್ತಿಲ್ಲೆ. ಹಲ್ಲು ತಿಕ್ಕಿದ್ದಿ.”

“ಹಲ್ಲು ತಿಕ್ಕಿರೆ ನೊರೆ ಬತ್ತು. ಎಂಗಕ್ಕೆಲ್ಲ ಬಿಳೀದೇ ಬತ್ತು. ನಿಂಗಕ್ಕೆ ಮಾತ್ರ ಕೆಂಪು ನೊರೆ ಬಪ್ಪಲೆ ಪೇಸ್ಟು ಬೇರೆ ಇದ್ದಾ?”

“ಆನು ಕವಳ ತಿಂದಿದ್ನಿಲ್ಲೆ ರಾಜೀವಿ. ಕೂಸಿನ ತಲೆ ಮುಟ್ಟಿದ್ದು ಮರ್ತಿದ್ನಿಲ್ಲೆ.”

“ಮರ್ತಿದ್ರಿಲ್ಲೆ ಹೇಳಿ ಎನಗೂ ಗೊತ್ತಿದ್ದು. ಅದಕ್ಕೇ ಅಲ್ದಾ ಕದ್ದು ತಿಂಬದು!”

ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಮಾಸ್ತರರು ಹೇಳಿದ ಸುಳ್ಳುಗಳನ್ನೆಲ್ಲ ರಾಜೀವಿ ನಂಬಿದ್ದಳು. ಶಾಲೆಯ ಮೀಟಿಂಗು, ತಪ್ಪಿಹೋದ ಬಸ್ಸು, ಪರೀಕ್ಷೆಯ ಪೇಪರು ತಿದ್ದುವ ಕೆಲಸ, ಒಂದನ್ನೂ ಪ್ರಶ್ನಿಸಿರಲಿಲ್ಲ. ಈಗ ನಿಜ ಹೇಳಿದರೆ ನಂಬಲಿಲ್ಲ. ನಿಜಕ್ಕೂ ಒಂದು ರೂಢಿ ಬೇಕು. ಮಾಸ್ತರರ ದನಿಗೆ ಅದರ ರೂಢಿ ಇರಲಿಲ್ಲ. ‘ತಿಂದಿದ್ನಿಲ್ಲೆ’ ಎನ್ನುವಾಗ ಅದು ‘ಬಸ್ಸು ಬಂದಿದ್ದಿಲ್ಲೆ’ ಎನ್ನುವ ಧಾಟಿಯಲ್ಲೇ ಹೊರಬಿತ್ತು.

ಅವರಿಗೂ ಕೆಂಪಿನ ಅರ್ಥ ತಿಳಿದಿರಲಿಲ್ಲ. ಕವಳ ತಿನ್ನುವ ಕಾಲದಲ್ಲಿ ಉಗುಳು ಹೇಗೂ ಕೆಂಪೇ. ಅದರೊಳಗೆ ಇನ್ನೊಂದು ಕೆಂಪು ಎಷ್ಟು ವರ್ಷದಿಂದ ಸೇರಿಕೊಂಡಿತ್ತೋ ಯಾರು ನೋಡಿದ್ದಾರೆ? ಅಡಿಕೆಯ ಚೊಗರು ಒಸಡನ್ನು ಬಿಗಿಮಾಡುತ್ತಿತ್ತು, ಬಿಟ್ಟ ಮೇಲೆ ಸಡಿಲಾಯಿತು ಎಂದು ಅವರು ಮೊದಲು ತೀರ್ಮಾನಿಸಿದರು. ಆಮೇಲೆ ಉಷ್ಣವೆಂದುಕೊಂಡು ಎಂಟು ದಿನ ಮುರುಗಲ ಪಾನಕ, ಒಂದೆಲಗದ ತಂಬುಳಿ ಕುಡಿದರು. ಮೈ ತಂಪಾಯಿತು, ಬೇಸಿನ್ನು ಕೆಂಪಾಗಿಯೇ ಉಳಿಯಿತು. ಬ್ರಶ್ಶು ತಾಗಿದರೆ ತಾನೇ ರಕ್ತ ಬರುವುದು ಎಂಬ ತರ್ಕಕ್ಕೆ ಬಂದು ಬ್ರಶ್ಶನ್ನೇ ಬಿಟ್ಟು, ಬೆರಳಿನಲ್ಲಿ ಮೆಲ್ಲಗೆ ಸವರತೊಡಗಿದರು. ವ್ಯಾಕರಣದಲ್ಲಿ ಇಂಥ ತರ್ಕ ಮಾಡಿದ ಹುಡುಗನಿಗೆ ಅವರು ಸೊನ್ನೆ ಕೊಡುತ್ತಿದ್ದರು.

ಮತ್ತೂ ಒಂದು ಉಪಾಯ ಹೊಳೆಯಿತು. ಶಿರಸಿಯ ಪೇಟೆಯಿಂದ ಕೆಂಪು ಹಲ್ಲುಪುಡಿಯ ಡಬ್ಬಿ ತಂದರು. ಪುಡಿಯೇ ಕೆಂಪಾದರೆ ಉಗುಳು ಕೆಂಪಾದದ್ದಕ್ಕೆ ಯಾರೂ ಕಾರಣ ಕೇಳುವಂತಿಲ್ಲ. ತಪ್ಪನ್ನೇ ಮಾಡದ ಮನುಷ್ಯ ತಪ್ಪು ಮುಚ್ಚಲು ಇಷ್ಟು ಕಷ್ಟಪಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

“ಇಷ್ಟು ವರ್ಷ ಇಲ್ಲದ್ದು ಈಗೆಂತಕ್ಕೆ ಕೆಂಪು ಪುಡಿ?” ಎಂದು ರಾಜೀವಿ ಮಗಳನ್ನು ಕೇಳಿದಳು. ಅಷ್ಟರಲ್ಲಿ ಗಂಡನೊಡನೆ ನೇರ ಮಾತು ನಿಂತಿತ್ತು. “ನಿನ್ನ ಅಪ್ಪಯ್ಯನ ಹತ್ರ ಕೇಳು, ಪೇರಲೆ ಹಣ್ಣಿಗೂ ಪುಡಿ ಹಾಕಿ ತಿಂತ್ವಾ ಹೇಳಿ.”

ಊಟದ ಹಲಗೆಯ ಮೇಲೆ ಮಾಸ್ತರರು ಕಚ್ಚಿ ಇಟ್ಟ ಪೇರಲೆ ಇತ್ತು. ಬಿಳಿಯ ತಿರುಳಿನ ಮೇಲೆ ಹಲ್ಲಿನ ಗುರುತು, ಗುರುತಿನ ಸುತ್ತ ಕೆಂಪು.

“ಅಪ್ಪಯ್ಯ, ಆಯಿ ಕೇಳ್ತಾ ಇದ್ದು,” ಎಂದಳು ಅಭಿಜ್ಞಾ.

“ಕೇಳ್ಚು. ತಿಂದಿದ್ನಿಲ್ಲೆ ಹೇಳಿ ಹೇಳು.”

“ಆಯಿ, ತಿಂದಿದ್ವಿಲ್ಲೆ ಅಡ. ನಿಂಗ ಇಬ್ರೂ ಎನಗೆ ಪೋಸ್ಟ್‌ಮ್ಯಾನ್ ಸಂಬಳ ಕೊಡವು.”

ಆ ವಾರದಲ್ಲೇ ಒಂದು ಸಂಜೆ ಮಾಸ್ತರರು ಹಿತ್ತಿಲ ದಾರಿಯಿಂದ ಮನೆಗೆ ಬರುವಾಗ ಸೌದೆ ಕೊಟ್ಟಿಗೆಯ ಕಂಬದ ಮೇಲೆ ಬೆರಳುದ್ದದ ಒಂದು ಬಿಳಿ ಗೆರೆ ಕಂಡಿತು. ಕವಳ ಮಡಚಿದವರು ಬೆರಳಿಗೆ ಉಳಿದ ಸುಣ್ಣವನ್ನು ಹತ್ತಿರದ ಕಂಬಕ್ಕೆ ಒರೆಸುವುದು ನಮ್ಮ ಕಡೆ ಕಂಬ ಹುಟ್ಟಿದಂದಿನಿಂದ ಬಂದ ಪದ್ಧತಿ. ಗೆರೆ ಇನ್ನೂ ಹಸಿಯಾಗಿತ್ತು. ಮಾಸ್ತರರು ಕಾಲು ತೊಳೆದು ಒಳಗೆ ಹೋದರು.

ಆಗಸ್ಟಿನಲ್ಲಿ ಅಭಿಜ್ಞಾ ಕಾಲೇಜಿನ ಮೆಟ್ಟಿಲು ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರು ಬಂತು. ಎಲುಬಿನಲ್ಲಿ ಸಣ್ಣ ಬಿರುಕು, ಮೂರು ವಾರ ಅಂದರು. ಎರಡೇ ಮೆಟ್ಟಿಲು, ಪಾಚಿ ಹಿಡಿದಿದ್ದವು. ಆದರೆ ರಾಜೀವಿ ಪಾಚಿಯ ಮಾತೆತ್ತಲಿಲ್ಲ. ಎಷ್ಟೋ ವಾರಗಳಲ್ಲಿ ಮೊದಲ ಬಾರಿಗೆ ಗಂಡನ ಮುಖ ನೋಡಿ ಮಾತಾಡಿದಳು.

“ಇನ್ನೂ ಎಂತ ಆಗವು ಹೇಳಿ ಇದ್ದು ನಿಂಗಕ್ಕೆ?”

ಕಂಬದ ಗೆರೆ ಮಾಸ್ತರರ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡರು.

ಮರುದಿನ ಎಂಟನೆಯ ತರಗತಿಯಲ್ಲಿ ವರ್ಣಮಾಲೆಯ ಪಾಠವಿತ್ತು. ತ ಥ ದ ಧ ನ, ನಾಲಿಗೆ ಹಲ್ಲಿನ ಬುಡಕ್ಕೆ ತಾಗಿ ಹುಟ್ಟುವುದರಿಂದ ಇವು ದಂತ್ಯಗಳು ಎಂದು ಹೇಳುತ್ತ, ಅಭ್ಯಾಸದಂತೆ ನಾಲಿಗೆಯನ್ನು ಹಲ್ಲಿನ ಬುಡಗಳ ಮೇಲೆಲ್ಲ ಓಡಿಸಿದರು. ಕೆಳಗಿನ ಎರಡು ಮುಂಬಲ್ಲು ಅಲ್ಲಾಡಿದವು. ದಂತ್ಯಗಳ ಹುಟ್ಟೂರನ್ನು ಇಪ್ಪತ್ತನಾಲ್ಕು ವರ್ಷ ಶಿಷ್ಯರಿಗೆ ತೋರಿಸಿದ ಮನುಷ್ಯ ಒಮ್ಮೆಯೂ ಅಲ್ಲಿಗೆ ಹೋಗಿ ನೋಡಿದ್ದಿಲ್ಲ. ಮೊದಲ ಬೆಂಚಿನ ಹುಡುಗಿಯರು ಈಚೀಚೆಗೆ ಹಿಂದಕ್ಕೆ ವಾಲಿ ಕೂರುತ್ತಿದ್ದುದು ಏಕೆಂದು ಅವರಿಗೆ ಆವತ್ತು ಹೊಳೆಯಿತು. ಬಾಯಿಗೆ ಕರವಸ್ತ್ರ ಹಿಡಿದು ಉಳಿದ ಪಾಠ ಮಾಡಿದರು.

ಸೆಪ್ಟೆಂಬರಿನ ಒಂದು ಶನಿವಾರ ರಾಜೀವಿ ಹಾಸಿಗೆ ಬಟ್ಟೆಗಳನ್ನು ತೊಳೆಯಲು ತೆಗೆದಳು. ಗಂಡನ ದಿಂಬಿನ ಬಿಳಿ ಚೀಲದ ಮೇಲೆ ಬಾಯಿ ತಾಗುವ ಜಾಗದಲ್ಲಿ ಕಂದುಗೆಂಪಿನ ಕಲೆ. ಬಾಯಲ್ಲಿ ಕವಳ ಇಟ್ಟುಕೊಂಡೇ ಮಲಗುವಷ್ಟಾಯಿತೇ ಎಂದುಕೊಂಡಳು. ಕವಳದ ಕಲೆ ಹೇಗೂ ಹೋಗುವುದಿಲ್ಲ. ಸೋಪು ಹಚ್ಚಿದರೆ ಇನ್ನೂ ಕಪ್ಪಾಗಿ ಬಟ್ಟೆಯ ಆಯುಷ್ಯವಿಡೀ ಉಳಿಯುತ್ತದೆ. ಮಾಸ್ತರರ ಹಳೆಯ ಪಂಚೆಗಳೆಲ್ಲ ಅದಕ್ಕೆ ಪುರಾವೆ. ಹಾಳಾಗಿ ಹೋಗಲಿ ಎಂದು ಚೀಲವನ್ನು ಒಗೆಯುವ ಕಲ್ಲಿನ ಪಕ್ಕದ ತಣ್ಣೀರಿನ ಬಕೆಟ್ಟಿಗೆ ಎಸೆದಳು.

ಬೇರೆ ನಾಲ್ಕು ಬಟ್ಟೆ ಒಗೆದು ತಿರುಗಿ ನೋಡಿದರೆ, ಕಲೆ ನೀರಿನಲ್ಲಿ ಬಿಟ್ಟುಕೊಂಡು ತೆಳ್ಳಗೆ ಹೊಗೆಯ ಹಾಗೆ ಏಳುತ್ತಿತ್ತು. ಎತ್ತಿ ಎರಡು ಸಲ ಹಿಂಡಿದಳು. ಬಟ್ಟೆ ಬಿಳಿಯಾಯಿತು.

ರಾಜೀವಿ ಕಲ್ಲಿನ ಮೇಲೆ ಕೂತಳು. ಯಾವ ಕಲೆ ತಣ್ಣೀರಿಗೆ ಹೋಗುತ್ತದೆ ಎಂಬುದನ್ನು ಹೆಂಗಸರಿಗೆ ಯಾರೂ ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಹದಿಮೂರನೆಯ ವಯಸ್ಸಿನಿಂದ ತಿಂಗಳು ತಿಂಗಳು ತಾವೇ ಕಲಿತಿರುತ್ತಾರೆ. ಇದು ಕವಳವಲ್ಲ. ಇದು ರಕ್ತ.

ಬೆಳಗಿನ ಶಾಲೆ ಮುಗಿಸಿ ಮಾಸ್ತರರು ಮನೆಯ ಮೆಟ್ಟಿಲು ಹತ್ತುವಾಗ ಅವಳು ಸೀರೆ ಬದಲಿಸಿ ಜಗುಲಿಯಲ್ಲಿ ನಿಂತಿದ್ದಳು.

“ಊಟ ಮಾಡಿ. ಮೂರು ಗಂಟೆಗೆ ಗನಿ ಟೆಂಪೋಕ್ಕೆ ಹೋಪನ.”

“ಎಲ್ಲಿಗೆ?”

“ಅವನ ಮಗಳ ದವಾಖಾನೆಗೆ.”

“ಎಂತಕ್ಕೆ?”

“ನಿಂಗಳ ದಿಂಬು ಹೇಳ್ಚು,” ಎಂದಳು ರಾಜೀವಿ.

ನುಜ್ಹತ್ ಮಾಸ್ತರರನ್ನು ಕಂಡವಳೇ ಎದ್ದು ನಿಂತಳು. ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದು, ಗೆರೆಗಳಿರುವ ಒಂದು ಸಣ್ಣ ಕಡ್ಡಿಯನ್ನು ಒಸಡಿನ ಅಂಚಿಗೆ ಮೆಲ್ಲಗೆ ಇಳಿಸುತ್ತ ಸಂಖ್ಯೆ ಹೇಳತೊಡಗಿದಳು. ಪಕ್ಕದಲ್ಲಿ ಗಿರಿಜವ್ವ ಎಂಬ ಸಹಾಯಕಿ ಬರೆದುಕೊಂಡಳು. “ಮೂರು… ನಾಲ್ಕು… ಐದು… ನಾಲ್ಕು… ಆರು… ಏಳು.”

ಏರುತ್ತಿರುವ ಅಂಕಗಳನ್ನು ಕೇಳಿ ಮಾಸ್ತರರಿಗೆ ಸ್ವಲ್ಪ ಸಮಾಧಾನವಾಯಿತು. ಬಾಯಿ ಬಿಡುವಾದಾಗ, “ಹತ್ತಕ್ಕಾ?” ಎಂದರು.

“ಇದು ಮಿಲಿಮೀಟರ್ ಸರ್. ಒಸಡಿಗೂ ಹಲ್ಲಿಗೂ ನಡುವೆ ಸಂದಿ ಎಷ್ಟು ಆಳ ಹೋಗಿದೆ ಅಂತ. ಎರಡು-ಮೂರು ಬಂದ್ರೆ ಪಾಸು. ಜಾಸ್ತಿ ಬಂದಷ್ಟೂ ಫೇಲು.”

“ಸಂಧಿಯಾ?”

“ಮಹಾಪ್ರಾಣ ಇಲ್ಲ ಸರ್. ಬರೀ ಸಂದಿ.”

ರಾಜೀವಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದದ್ದರಿಂದ ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೆಮ್ಮಿದಳು.

ನುಜ್ಹತ್ ಕನ್ನಡಿ ಹಿಡಿದು ತೋರಿಸಿದಳು. ಕೆಳಗಿನ ಹಲ್ಲುಗಳ ಹಿಂದೆ ಹಳದಿಗಪ್ಪು ಕಟ್ಟೆ. “ನಿಮ್ಮ ಬಚ್ಚಲ ಹಂಡೆ ಒಳಗೆ ಗಾರು ಕಟ್ತದಲ್ಲ, ಹಾಗೆ. ದಿನಾ ಹಲ್ಲಿನ ಬುಡದಲ್ಲಿ ಒಂದು ಲೋಳೆ ಕೂರ್ತದೆ. ಅದನ್ನ ತೆಗೀದೇ ಬಿಟ್ರೆ ಗಟ್ಟಿಯಾಗಿ ಹೀಗಾಗ್ತದೆ. ಅದರ ಮೇಲೆ ಕ್ರಿಮಿ ಮನೆ ಮಾಡ್ತಾವೆ. ಒಸಡು ಊದ್ತದೆ, ಹಲ್ಲು ಬಿಟ್ಟು ಸರೀತದೆ, ಒಳಗೆ ಹಲ್ಲು ಹಿಡ್ಕೊಂಡಿರೋ ಎಲುಬು ಕರಗ್ತದೆ. ಇಷ್ಟೆಲ್ಲ ಆಗೋವರೆಗೂ ನೋವು ಅಂತ ಒಂದು ದಿನ ಬರೋದಿಲ್ಲ. ಅದೇ ಇದರ ಮೋಸ.”

“ಕರಗಿದ್ದು ತಿರುಗಿ ಬರ್ತದಾ?” ಎಂದಳು ರಾಜೀವಿ.

“ಹೆಚ್ಚು ಪಾಲು ಬರೋದಿಲ್ಲ ಅಮ್ಮ. ಉಳಿದದ್ದನ್ನ ಹಿಡಿದಿಡಬಹುದು. ಎರಡು ಕೆಳಗಿನ ಹಲ್ಲಿನ ಬಗ್ಗೆ ಈಗಲೇ ಹೇಳೋಕಾಗಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತಲೂ ಒಮ್ಮೆ ನೋಡಿಸಿ, ಅದು ಇದ್ರೆ ಇದು ಬೇಗ ಹೆಚ್ತದೆ. ಸರ್, ಬ್ರಶ್ ಯಾವುದು?”

ಮಾಸ್ತರರು ಬೆರಳನ್ನೂ ಕೆಂಪು ಪುಡಿಯನ್ನೂ ಒಪ್ಪಿಕೊಂಡರು. ಶಿಷ್ಯೆಯ ಮುಂದೆ ಒಪ್ಪಿಕೊಳ್ಳುವುದು ಕಷ್ಟವಾಯಿತು.

“ಪುಡಿ ಮರಳಿನ ಹಾಗೆ ಉಜ್ಜುತ್ತೆ, ಬಿಟ್ಬಿಡಿ. ರಕ್ತ ಬರ್ತದೆ ಅಂತ ಬ್ರಶ್ ಬಿಡೋದಲ್ಲ ಸರ್, ರಕ್ತ ಬರೋ ಜಾಗಕ್ಕೇ ಬ್ರಶ್ ಬೇಕು. ಮೆತ್ತಗಿನದು, ಓರೆಯಾಗಿ, ಒಸಡಿನ ಅಂಚಿಗೆ ತಾಗಿಸಿ, ಎರಡು ಹೊತ್ತು.”

ರಾಜೀವಿ ಬಂದ ಕೆಲಸವನ್ನು ಇನ್ನೂ ಕೇಳಿರಲಿಲ್ಲ. ಈಗ ಕೇಳಿದಳು. “ಹಾಗಾದ್ರೆ ಈ ಕೆಂಪು… ಕವಳದ್ದಲ್ವಾ?”

“ಕವಳ ತಿಂತಾ ಇದ್ದಿದ್ರೆ ಇಷ್ಟು ರಕ್ತ ಕಾಣ್ತಿರ್ಲಿಲ್ಲ ಅಮ್ಮ. ತಂಬಾಕು ಒಸಡಿನ ರಕ್ತನಾಳ ಬಿಗಿ ಹಿಡೀತದೆ. ಒಳಗೆ ಹಾಳಾಗ್ತಾ ಇದ್ರೂ ಮೇಲೆ ರಕ್ತ ಕಮ್ಮಿ. ಬಂದಷ್ಟೂ ಕವಳದ ಬಣ್ಣದಲ್ಲಿ ಮುಚ್ಚಿ ಹೋಗ್ತದೆ. ಸರ್ ಬಿಟ್ಟಿದ್ದಕ್ಕೇ ಇದು ಕಣ್ಣಿಗೆ ಬಿತ್ತು.”

ಕುರ್ಚಿಯಲ್ಲಿ ಮಲಗಿದ್ದ ಮಾಸ್ತರರು ಹೆಂಡತಿಯ ಕಡೆ ನೋಡಲಿಲ್ಲ. ದೀಪವನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂದದ್ದಕ್ಕೆ ದೀಪವೂ ಕಾರಣವಿರಬಹುದು.

“ಗಾರು ತೆಗೆಸಿದ್ರೆ ಹಲ್ಲು ಸಡಿಲ ಆಗ್ತಂತೆ?” ಎಂದರು, ಮಾತು ಬದಲಿಸಲು.

“ಸಡಿಲ ಆಗ್ಲೇ ಆಗಿರ್ತದೆ. ಗಾರು ಅದನ್ನ ಮುಚ್ಚಿಟ್ಟಿರ್ತದೆ ಅಷ್ಟೇ.”

“ತವರ್ಗಕ್ಕೆ ಏನೂ ಭಯ ಇಲ್ಲವಲ್ಲ?”

“ತವರ್ಗ ಮೇಲಿನ ಹಲ್ಲಿನದ್ದು ಸರ್. ಅವು ಗಟ್ಟಿ ಇದಾವೆ,” ಎಂದು ನಕ್ಕ ನುಜ್ಹತ್, ಆವತ್ತೇ ಒಂದು ಪಕ್ಕದ ಗಾರು ತೆಗೆದು ಮುಂದಿನ ವಾರಕ್ಕೆ ಇನ್ನೊಂದು ಪಕ್ಕ ಬರೆದುಕೊಟ್ಟಳು. ಹೊರಡುವಾಗ, “ಅಮ್ಮ, ನಿಮ್ಮದೂ ಒಮ್ಮೆ ನೋಡ್ಲಾ? ಒಸಡಲ್ಲಿ ರಕ್ತ ಬರ್ತದಾ?” ಎಂದಳು.

“ನಂಗೆ ಏನೂ ಬರೂದಿಲ್ಲ,” ಎಂದು ರಾಜೀವಿ ಬೇಗ ಬೇಗ ಚಪ್ಪಲಿ ಮೆಟ್ಟಿದಳು.

ಟೆಂಪೋದಲ್ಲಿ ಗನಿ ಸಾಹೇಬ ಕನ್ನಡಿಯಲ್ಲೇ ವಿಚಾರಿಸಿದ. “ಹೆಂಗೆ ಮಾಸ್ತರ್ರೇ, ಪಾಸ್ ಮಾಡಿದ್ಳಾ ನನ್ ಮಗಳು?”

“ಫೇಲು ಮಾಡಿದ್ಳು. ಮುಂದಿನ ವಾರ ಸಪ್ಲಿಮೆಂಟರಿ.”

ಭೈರುಂಬೆಯಲ್ಲಿ ಇಳಿದು ಮನೆಯ ದಾರಿಗೆ ತಿರುಗಿದ ಮೇಲೆ ರಾಜೀವಿ ನಡಿಗೆ ನಿಧಾನ ಮಾಡಿದಳು.

“ಆನು ಬಿಟ್ಟಿದ್ನಿಲ್ಲೆ,” ಎಂದಳು.

“ಗೊತ್ತಿದ್ದು.”

“ಮಧ್ಯಾಹ್ನ ಒಂದು. ಒಂದೇ. ಅಟ್ಟದ ಮೇಲಿಂದು… ಗೊತ್ತಿದ್ದು ಹೇಳ್ರೆ? ಹ್ಯಾಂಗೆ ಗೊತ್ತಿದ್ದು?”

“ನೀನು ಸೌದೆ ಕೊಟ್ಟಿಗೆ ಕಂಬಕ್ಕೆ ಸುಣ್ಣ ಒರೆಸಿದ್ದೆ.”

“ಯಾವಾಗ ನೋಡಿದ್ದು?”

“ಪೇರಲೆ ಹಣ್ಣಿನ ವಾರ.”

ರಾಜೀವಿ ನಿಂತೇಬಿಟ್ಟಳು. “ಆನು ಅಷ್ಟೆಲ್ಲ ಹೇಳ್ತಾ ಇಪ್ಪಾಗ ಒಂದು ಮಾತು ಹೇಳಲಾಗಿತ್ತಿಲ್ಯಾ? ಎನಗೇ ಬಿಡಲಾಗದ್ದು ನಿಂಗಕ್ಕೆ ಹ್ಯಾಂಗೆ ಆಗ್ತು ಹೇಳಿ ಅಂದ್ಕಂಡೇ ಹೇಳಿದ್ದು ಆನು. ಕೂಸಿನ ಕಾಲು ಮುರಿದಾಗ… ಎನ್ನಿಂದ್ಲೇ ಆತನ ಹೇಳಿ ಹೆದರಿಕೆ ಆತು. ಅದಕ್ಕೇ ನಿಂಗಳ ಮೇಲೆ ಹಾಕಿದ್ದಿ.”

“ಕಾಲು ಮುರಿದದ್ದು ಪಾಚಿಂದ.”

“ಹೇಳಿದ್ರೆ ಆನು ಬಾಯಿ ಮುಚ್ಚಿಕೊಳ್ತಿದ್ದಿ.”

“ನೀನು ಮುಚ್ಚಿಕೊಳ್ತಿದ್ದೆ. ಎನ್ನ ನಂಬ್ತಿದ್ದೆ ಹೇಳಿ ಅಲ್ಲ,” ಎಂದರು ಮಾಸ್ತರರು. ದವಾಖಾನೆಯ ಸೂಜಿಮದ್ದಿಗೆ ಮರಗಟ್ಟಿದ ತುಟಿಯಲ್ಲಿ ಅಕ್ಷರಗಳು ಸ್ವಲ್ಪ ಜಾರುತ್ತಿದ್ದವು. “ಇಬ್ರೂ ಸುಳ್ಳು ಹೇಳ್ತ್ಯ ಹೇಳಿ ನಿನಗೆ ಸಮಾಧಾನ ಆಗ್ತಿತ್ತು. ಎನಗೆ ಆ ಸಮಾಧಾನ ಬೇಡಾಗಿತ್ತು.”

ಮನೆಯಲ್ಲಿ ಅಭಿಜ್ಞಾ, “ಪೋಸ್ಟ್ ಆಫೀಸು ಬಂದ್ ಆತಾ?” ಎಂದು ಕೇಳಿದಳು. ಯಾರೂ ಉತ್ತರ ಕೊಡದಿದ್ದುದರಿಂದ ಬಂದ್ ಆಗಿದೆ ಎಂದು ತಿಳಿದುಕೊಂಡಳು.

ನಾಲ್ಕು ಸಲ ಹೋಗಿ ಬಂದ ಮೇಲೆ ಮಾಸ್ತರರ ನೊರೆ ಬಿಳಿಯಾಯಿತು. ಕೆಳಗಿನ ಎರಡು ಹಲ್ಲುಗಳಲ್ಲಿ ಒಂದು ಹೋಯಿತು, ಒಂದು ಉಳಿಯಿತು. ಮೊದಲ ಬೆಂಚಿನ ಹುಡುಗಿಯರು ನೆಟ್ಟಗೆ ಕೂತರು. ಮಾಸ್ತರರು ಎರಡು ಹೊತ್ತು ಬೇಸಿನ್ನಿನ ಮುಂದೆ ನಿಂತು, ಬ್ರಶ್ಶನ್ನು ಓರೆಯಾಗಿ ಹಿಡಿದು, ಹತ್ತು ನಾಮಪದಗಳನ್ನು ಪ್ರಥಮಾ ವಿಭಕ್ತಿಯಿಂದ ಸಪ್ತಮಿಯವರೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಎರಡು ನಿಮಿಷಕ್ಕೆ ಅದು ಸರಿಯಾದ ಅಳತೆ.

ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ ರಾಜೀವಿ ಬೇಸಿನ್ನಿನ ಹತ್ತಿರದಿಂದ ಕರೆದಳು. “ಇಲ್ಲಿ ಬನ್ನಿ ಒಂದು ಸಲ.”

ಮಾಸ್ತರರು ತುಸು ಹೆದರಿಯೇ ಹೋದರು. ಆ ಸ್ವರದಲ್ಲಿ ಕರೆದು ಬಹಳ ದಿನವಾಗಿತ್ತು. ರಾಜೀವಿಯ ಕೈಯಲ್ಲಿ ಬ್ರಶ್ಶಿತ್ತು. ಬಿಳಿಯ ಬೇಸಿನ್ನಿನ ಅಂಚಿನಲ್ಲಿ ಕೆಂಪು ಎಂಜಲಿನ ಎರಡು ಹನಿ. ಮಾಸ್ತರರದ್ದಲ್ಲ.

ಅವರು ಬಗ್ಗಿ ನೋಡಿದರು. ನೋಡಿ, ಹೆಂಡತಿಯ ಮುಖ ನೋಡಿದರು.

“ನೀನೂ ಬಿಟ್ಟಿದ್ದೆ ಹಂಗಾದ್ರೆ,” ಎಂದರು.

“ಹದಿನೈದು ದಿನ ಆತು.”

“ಶನಿವಾರ ಮೂರು ಗಂಟೆಗೆ ಗನಿ ಟೆಂಪೋ,” ಎಂದು ಮಾಸ್ತರರು ನಲ್ಲಿ ತಿರುಗಿಸಿದರು. ತಣ್ಣೀರು ಬಂತು.